ಬ್ರೌಸರ್‌ನಲ್ಲೇ ಪೈಥಾನ್, ಆರ್, ಆಕ್ಟೇವ್: ಇನ್‌ಸ್ಟಾಲ್ ಮಾಡದೆ ಶುರು ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಏನೂ ಇನ್‌ಸ್ಟಾಲ್ ಮಾಡದೆ ನಿಜವಾಗಲೂ ಪೈಥಾನ್ ಓಡಿಸಬಹುದಾ?

ಓಡಿಸಬಹುದು. ಪೈಥಾನ್ ಅಷ್ಟೇ ಅಲ್ಲ, ಲೆಕ್ಕ, ಡೇಟಾ, ಗ್ರಾಫ್‌ಗೆಂದು ಅದಕ್ಕೆ ಸೇರಿಸಿಕೊಳ್ಳುವ ಪ್ಯಾಕೇಜ್‌ಗಳಾದ (ಸಿದ್ಧ ಕೋಡ್‌ನ ಕಟ್ಟುಗಳು) ನಂಪೈ, ಪಾಂಡಾಸ್, ಸೈಪೈ, ಮ್ಯಾಟ್‌ಪ್ಲಾಟ್‌ಲಿಬ್ ಎಲ್ಲವೂ ಒಂದು ಟ್ಯಾಬ್‌ನಲ್ಲಿ ಸಿಗುತ್ತವೆ. ಅಡ್ಮಿನ್ ಪಾಸ್‌ವರ್ಡ್ ಬೇಡ, ಪಾಥ್ ಸೆಟ್ ಮಾಡುವ ತಲೆನೋವಿಲ್ಲ, ಹಳೇ ವರ್ಷನ್ ಜೊತೆ ಹೊಸದು ಜಗಳ ಆಡುವುದಿಲ್ಲ.

ಆದರೆ ಶುರುವಿನಲ್ಲೇ ಒಂದು ವಿಷಯ ತಿಳಿದುಕೊಳ್ಳಿ. "ಬ್ರೌಸರ್‌ನಲ್ಲಿ ಓಡುತ್ತದೆ" ಅಂತ ಜನ ಎರಡು ಬೇರೆ ಬೇರೆ ಸಂಗತಿಗೆ ಹೇಳುತ್ತಾರೆ. ಒಂದು ಬಗೆಯಲ್ಲಿ ಕೋಡ್ ಓಡುವುದು ನಿಮ್ಮದೇ ಕಂಪ್ಯೂಟರ್‌ನಲ್ಲಿ, ಬ್ರೌಸರ್‌ನ ಒಳಗೆ. ಜುಪಿಟರ್‌ಲೈಟ್ ಅನ್ನುವ ನೋಟ್‌ಬುಕ್ (ಕೋಡ್, ಅದರ ಉತ್ತರ, ಟಿಪ್ಪಣಿ ಎಲ್ಲ ಒಂದೇ ಕಡೆ ಇರುವ ಪುಟ) ಈ ಬಗೆಯದು. ಇನ್ನೊಂದು ಬಗೆಯಲ್ಲಿ ಕೋಡ್ ಓಡುವುದು ದೂರದ ಯಾವುದೋ ಸರ್ವರ್‌ನಲ್ಲಿ, ನಿಮ್ಮ ಬ್ರೌಸರ್ ಬರೀ ಕಿಟಕಿ. ಗೂಗಲ್ ಕೊಲ್ಯಾಬ್, ಕ್ಯಾಗಲ್ ನೋಟ್‌ಬುಕ್, ಬೈಂಡರ್, ಮ್ಯಾಟ್‌ಲ್ಯಾಬ್ ಆನ್‌ಲೈನ್ ಇವೆಲ್ಲ ಈ ಬಗೆ. ನೋಡಲು ಎರಡೂ ಒಂದೇ ತರಹ, ಅದೇ ಸೆಲ್ (ಕೋಡ್ ಬರೆಯುವ ಪೆಟ್ಟಿಗೆ), ಅದೇ ರನ್ ಬಟನ್. ಫೈಲ್ ಎಲ್ಲಿ ಹೋಯಿತು, ಯಾಕೆ ನಿಧಾನ, ಡೇಟಾ ಯಾರ ಕೈಗೆ ಸಿಗುತ್ತದೆ, ನೆಟ್ ಹೋದರೆ ಏನಾಗುತ್ತದೆ ಅನ್ನುವ ಪ್ರಶ್ನೆಗಳಿಗೆಲ್ಲ ಉತ್ತರ ಮಾತ್ರ ನೀವು ಯಾವ ಬಗೆಯಲ್ಲಿ ಕೂತಿದ್ದೀರಿ ಅನ್ನುವುದರ ಮೇಲೆ ನಿಂತಿದೆ.

ನಾನು ತೆರೆದಿರುವ ಪುಟ ಯಾವ ಬಗೆಯದು ಅಂತ ಗೊತ್ತಾಗುವುದು ಹೇಗೆ?

ಪುಟ ಪೂರ್ತಿ ಲೋಡ್ ಆದ ಮೇಲೆ, ಒಂದು ಸೆಲ್ ಓಡಿಸಿ ನೋಡಿ, ಆಮೇಲೆ ವೈಫೈ ಆಫ್ ಮಾಡಿ ಮತ್ತೆ ಓಡಿಸಿ. ಎರಡು ಕೂಡು ಎರಡು ಅನ್ನುವಂಥ ಸುಲಭದ ಲೆಕ್ಕ ಸಾಕು. ಉತ್ತರ ಬಂದರೆ ಕೋಡ್ ನಿಮ್ಮ ಮೆಷಿನ್‌ನಲ್ಲೇ ಓಡುತ್ತಿದೆ. ರೀಕನೆಕ್ಟಿಂಗ್ ಅಂತ ಬಂದು ನಿಂತರೆ ಸರ್ವರ್ ಬಗೆಯದು. ಲಾಗಿನ್ ಕೇಳಿದರೆ ಸಾಮಾನ್ಯವಾಗಿ ಸರ್ವರ್ ಇರುತ್ತದೆ, ಆದರೆ ಅದೊಂದನ್ನೇ ನಂಬಬೇಡಿ. ಬೈಂಡರ್ ಲಾಗಿನ್ ಕೇಳುವುದಿಲ್ಲ, ಆದರೂ ಅದು ಪೂರ್ತಿ ಸರ್ವರ್ ಮೇಲೆ ನಡೆಯುತ್ತದೆ.

ಬ್ರೌಸರ್‌ಗೆ ಜಾವಾಸ್ಕ್ರಿಪ್ಟ್ ಮಾತ್ರ ಬರುತ್ತದೆ ಅಲ್ವಾ? ಪೈಥಾನ್ ಹೇಗೆ ಓಡುತ್ತದೆ?

ಈಗ ಜಾವಾಸ್ಕ್ರಿಪ್ಟ್ ಜೊತೆ ವೆಬ್‌ಅಸೆಂಬ್ಲಿ ಅನ್ನುವುದೂ ಬರುತ್ತದೆ. 2017ರ ಹೊತ್ತಿಗೆ ದೊಡ್ಡ ಬ್ರೌಸರ್‌ಗಳೆಲ್ಲ ಇದನ್ನು ಸೇರಿಸಿಕೊಂಡವು, 2019ರ ಡಿಸೆಂಬರ್‌ನಲ್ಲಿ ಅದು ವೆಬ್‌ನ ಅಧಿಕೃತ ಸ್ಟ್ಯಾಂಡರ್ಡ್ ಆಯಿತು. ಸಿ, ಸಿ ಪ್ಲಸ್ ಪ್ಲಸ್, ರಸ್ಟ್‌ನಂಥ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಅನ್ನು ಈ ರೂಪಕ್ಕೆ ಕಂಪೈಲ್ ಮಾಡಿದರೆ, ಅಂದರೆ ಅನುವಾದಿಸಿದರೆ, ಬ್ರೌಸರ್ ಅದನ್ನು ನೇರವಾಗಿ ಓಡಿಸುತ್ತದೆ. ನಾವು ದಿನಾ ಬಳಸುವ ಪೈಥಾನ್ ಇಂಟರ್‌ಪ್ರಿಟರ್ (ನಮ್ಮ ಕೋಡ್ ಓದಿ ಓಡಿಸುವ ಪ್ರೋಗ್ರಾಂ) ಬರೆದಿರುವುದು ಸಿ ಭಾಷೆಯಲ್ಲಿ. ಹಾಗಾಗಿ ಎಮ್‌ಸ್ಕ್ರಿಪ್ಟೆನ್ ಅನ್ನುವ ಕಂಪೈಲರ್ ಬಳಸಿ ಅದನ್ನೇ ವೆಬ್‌ಅಸೆಂಬ್ಲಿಗೆ ತಂದರು. ಅದೇ ಪೈಯೋಡೈಡ್. ಮೊಜಿಲ್ಲಾದಲ್ಲಿ 2018ರಲ್ಲಿ ಶುರುವಾದ ಕೆಲಸ, 2021ರಿಂದ ಸ್ವತಂತ್ರ ಸಮುದಾಯದ ಕೈಯಲ್ಲಿದೆ. ಜುಪಿಟರ್‌ಲೈಟ್‌ನಲ್ಲಿ ಪೈಥಾನ್ ಓಡುವುದು ಹೆಚ್ಚಾಗಿ ಇದರ ಮೇಲೆ.

ಇದು ಪೈಥಾನ್‌ನ ನಕಲು ಅಲ್ಲ, ಅದೇ ಪೈಥಾನ್. ಸುಮ್ನೆ ಆಟಕ್ಕೆ ಮಾಡಿದ ಪುಟ್ಟ ಆವೃತ್ತಿ ಅಂತ ಅಂದುಕೊಂಡು ತುಂಬಾ ಜನ ಇದನ್ನು ಬದಿಗಿಡುತ್ತಾರೆ. ಡಿಫರೆನ್ಷಿಯಲ್ ಸಮೀಕರಣ ಬಿಡಿಸುವುದು, ಕರ್ವ್ ಫಿಟ್ ಮಾಡುವುದು, ಮ್ಯಾಟ್ರಿಕ್ಸ್ ಇನ್‌ವರ್ಸ್, ಸೈಕಿಟ್‌ಲರ್ನ್ ಅನ್ನುವ ಮಷಿನ್ ಲರ್ನಿಂಗ್ ಪ್ಯಾಕೇಜ್‌ನಲ್ಲಿ ಸಣ್ಣ ಮಾಡೆಲ್ ಟ್ರೇನ್ ಮಾಡುವುದು, ಎಲ್ಲ ಇದರಲ್ಲಿ ಆಗುತ್ತದೆ.

ಹೊಸಬರು ಯಾವುದರಿಂದ ಶುರು ಮಾಡಬೇಕು?

ಪೈಥಾನ್ ಕಲಿಯಬೇಕು, ಸಣ್ಣ ಲೆಕ್ಕ ಮಾಡಬೇಕು, ಗ್ರಾಫ್ ಬಿಡಿಸಬೇಕು ಅಂದರೆ ಜುಪಿಟರ್‌ಲೈಟ್. ಜುಪಿಟರ್‌ನ ಸೈಟ್‌ನಲ್ಲಿ ಟ್ರೈ ಅನ್ನುವ ಪುಟ ಇದೆ, ಒಂದು ಕ್ಲಿಕ್ ಸಾಕು. ಮೊದಲ ಸಲ ತೆರೆಯುವಾಗ ಹತ್ತಾರು ಎಂಬಿ ಡೌನ್‌ಲೋಡ್ ಆಗುತ್ತದೆ, ಸ್ವಲ್ಪ ಕಾಯಿರಿ. ಆಮೇಲೆ ಬ್ರೌಸರ್ ಅದನ್ನು ಕ್ಯಾಶ್‌ನಲ್ಲಿ ಇಟ್ಟುಕೊಳ್ಳುವುದರಿಂದ ಬೇಗ ತೆರೆಯುತ್ತದೆ.

ಡೇಟಾ ದೊಡ್ಡದಿದ್ದರೆ ಅಥವಾ ಜಿಪಿಯು (ಭಾರಿ ಲೆಕ್ಕ ಬೇಗ ಮಾಡುವ ಚಿಪ್) ಬೇಕಿದ್ದರೆ ಕೊಲ್ಯಾಬ್ ಅಥವಾ ಕ್ಯಾಗಲ್. ಯಾರೋ ಗಿಟ್‌ಹಬ್‌ನಲ್ಲಿ (ಕೋಡ್ ಇಟ್ಟು ಹಂಚುವ ಸೈಟ್) ಹಾಕಿದ ಪ್ರಾಜೆಕ್ಟ್ ಅನ್ನು ಇದ್ದ ಹಾಗೇ ಓಡಿಸಿ ನೋಡಬೇಕು ಅಂದರೆ ಬೈಂಡರ್. ಗಣಿತವೇ ಮುಖ್ಯ, ಸಾಂಕೇತಿಕವಾಗಿ ಇಂಟಿಗ್ರಲ್ ಬೇಕು, ಗ್ರೂಪ್ ಥಿಯರಿ ಬೇಕು ಅಂದರೆ ಸೇಜ್‌ಮ್ಯಾತ್‌ಸೆಲ್. ಅದರಲ್ಲಿ ಒಂದೇ ಒಂದು ಖಾಲಿ ಪೆಟ್ಟಿಗೆ, ಒಂದು ಬಟನ್, ಲಾಗಿನ್ ಇಲ್ಲ. ಅವಸರದಲ್ಲಿ ಒಂದು ಲೆಕ್ಕ ನೋಡಬೇಕಾದಾಗ ನನಗೆ ಅದಕ್ಕಿಂತ ಚೆನ್ನಾದದ್ದು ಕಂಡಿಲ್ಲ.

ಮಾಡಿದ ಕೆಲಸ ಎಲ್ಲಿ ಸೇವ್ ಆಗುತ್ತದೆ? ಟ್ಯಾಬ್ ಮುಚ್ಚಿದರೆ ಹೋಗುತ್ತದಾ?

ಜನ ಅತಿ ಜಾಸ್ತಿ ನೋವು ತಿನ್ನುವ ಜಾಗ ಇದು, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಜುಪಿಟರ್‌ಲೈಟ್‌ನಲ್ಲಿ ನೋಟ್‌ಬುಕ್ ಸೇವ್ ಆಗುವುದು ನಿಮ್ಮ ಬ್ರೌಸರ್‌ನ ಒಳಗಿನ ಸ್ಟೋರೇಜ್‌ನಲ್ಲಿ. ಅದರ ಹೆಸರು ಇಂಡೆಕ್ಸ್‌ಡ್‌ಡಿಬಿ. ಟ್ಯಾಬ್ ಮುಚ್ಚಿ ನಾಳೆ ತೆರೆದರೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಆದರೆ ಅದು ಆ ಬ್ರೌಸರ್‌ಗೆ, ಆ ಪ್ರೊಫೈಲ್‌ಗೆ, ಆ ಸೈಟ್‌ನ ವಿಳಾಸಕ್ಕೆ ಮಾತ್ರ ಸೇರಿದ್ದು. ಕ್ರೋಮ್‌ನಲ್ಲಿ ಬರೆದದ್ದು ಫೈರ್‌ಫಾಕ್ಸ್‌ನಲ್ಲಿ ಕಾಣುವುದಿಲ್ಲ. ಲ್ಯಾಬ್‌ನ ಕಂಪ್ಯೂಟರ್‌ನಲ್ಲಿ ಬರೆದದ್ದು ಮನೆಯಲ್ಲಿ ಸಿಗುವುದಿಲ್ಲ. ಬ್ರೌಸಿಂಗ್ ಡೇಟಾ ಕ್ಲಿಯರ್ ಮಾಡುವಾಗ ಸೈಟ್ ಡೇಟಾ ಅನ್ನುವುದಕ್ಕೂ ಟಿಕ್ ಇದ್ದರೆ ಎಲ್ಲ ಹೋಯಿತು. ಪ್ರೈವೇಟ್ ವಿಂಡೋದಲ್ಲಿ ಕೆಲಸ ಮಾಡಿದ್ದರೆ ವಿಂಡೋ ಮುಚ್ಚಿದ ಕೂಡಲೇ ಹೋಯಿತು. ಸಫಾರಿಯಲ್ಲಿ ಇನ್ನೂ ಒಂದು ಕಟ್ಟುಪಾಡಿದೆ: ಆ ಸೈಟ್ ಕಡೆ ಹೋಗದೆ ನೀವು 7 ದಿನ ಬ್ರೌಸರ್ ಬಳಸಿದರೆ ಸೈಟ್ ಇಟ್ಟ ಇಂಥ ಡೇಟಾವನ್ನು ಅದು ತಾನಾಗಿಯೇ ಅಳಿಸಬಹುದು. ಜನರನ್ನು ಟ್ರ್ಯಾಕ್ ಮಾಡುವುದನ್ನು ತಡೆಯಲು ತಂದ ನಿಯಮ ಅದು, ಏಟು ಮಾತ್ರ ನಮ್ಮ ನೋಟ್‌ಬುಕ್‌ಗೂ ಬೀಳುತ್ತದೆ.

ಕೊಲ್ಯಾಬ್‌ನಲ್ಲಿ ಕಥೆ ಬೇರೆ. ನೋಟ್‌ಬುಕ್ ನಿಮ್ಮ ಗೂಗಲ್ ಡ್ರೈವ್‌ನಲ್ಲಿ ಸೇವ್ ಆಗುತ್ತದೆ, ಅದು ಉಳಿಯುತ್ತದೆ. ಆದರೆ ಎಡಗಡೆ ಫೈಲ್ ಪ್ಯಾನೆಲ್‌ನಲ್ಲಿ ಅಪ್‌ಲೋಡ್ ಮಾಡಿದ ಡೇಟಾ, ಓಡಿಸಿದ ಮೇಲೆ ಬಂದ ರಿಸಲ್ಟ್ ಫೈಲ್, ಇನ್‌ಸ್ಟಾಲ್ ಮಾಡಿದ ಪ್ಯಾಕೇಜ್, ಇವೆಲ್ಲ ಇರುವುದು ತಾತ್ಕಾಲಿಕ ಮೆಷಿನ್‌ನಲ್ಲಿ. ಸೆಷನ್ ಮುಗಿದರೆ ಆ ಮೆಷಿನ್ ಜೊತೆ ಎಲ್ಲವೂ ಹೋಗುತ್ತದೆ. ಉಚಿತ ಬಳಕೆಯಲ್ಲಿ ಒಂದು ಸೆಷನ್ ಹೆಚ್ಚೆಂದರೆ 12 ಗಂಟೆ, ಸುಮ್ನೆ ಬಿಟ್ಟಿದ್ದರೆ ಅದಕ್ಕಿಂತ ತುಂಬಾ ಮೊದಲೇ ಕಟ್ ಆಗುತ್ತದೆ. ರಿಸಲ್ಟ್ ಉಳಿಯಬೇಕು ಅಂದರೆ ಡ್ರೈವ್ ಮೌಂಟ್ ಮಾಡಿ, ಅಂದರೆ ಆ ಮೆಷಿನ್‌ಗೆ ಜೋಡಿಸಿ, ಅಲ್ಲಿಗೆ ಬರೆಯಿರಿ. ಅದೂ ಕೊನೆಯಲ್ಲಿ ಒಂದೇ ಸಲ ಅಲ್ಲ, ನಡುನಡುವೆ ಬರೆಯುತ್ತಾ ಹೋಗಿ.

ಬೈಂಡರ್ ಅಂತೂ ಏನನ್ನೂ ಉಳಿಸುವುದಿಲ್ಲ. 10 ನಿಮಿಷ ಸುಮ್ಮನಿದ್ದರೆ ಸೆಷನ್ ಮುಗಿಯುತ್ತದೆ, ನೀವು ಬದಲಿಸಿದ್ದೆಲ್ಲ ಅದರ ಜೊತೆ ಹೋಗುತ್ತದೆ. ಮೂಲ ಪ್ರಾಜೆಕ್ಟ್ ಗಿಟ್‌ಹಬ್‌ನಲ್ಲಿ ಹಾಗೇ ಇರುತ್ತದೆ, ಹೋಗುವುದು ನಿಮ್ಮ ತಿದ್ದುಪಡಿ ಮಾತ್ರ.

ಹಾಗಾಗಿ ಯಾವ ಬಗೆಯೇ ಇರಲಿ, ಎದ್ದು ಹೋಗುವ ಮುಂಚೆ ನೋಟ್‌ಬುಕ್ ಡೌನ್‌ಲೋಡ್ ಮಾಡಿಕೊಳ್ಳಿ. ಡಾಟ್ ಐಪಿವೈಎನ್‌ಬಿ ಫೈಲ್ ಬರುತ್ತದೆ. ಇದೇ ಫೈಲ್ ಜುಪಿಟರ್‌ಲೈಟ್, ಕೊಲ್ಯಾಬ್, ಕ್ಯಾಗಲ್, ನಿಮ್ಮ ಲ್ಯಾಪ್‌ಟಾಪ್‌ನ ಜುಪಿಟರ್, ಎಲ್ಲದರಲ್ಲೂ ತೆರೆಯುತ್ತದೆ.

ತುಂಬಾ ನಿಧಾನ ಇರುತ್ತದಾ?

ನೀವು ಬರೆದ ರೀತಿ ನೋಡಬೇಕು. ಬ್ರೌಸರ್ ಒಳಗೆ ಓಡುವ ಬಗೆಯಲ್ಲಿ, ಶುದ್ಧ ಪೈಥಾನ್ ಲೂಪ್‌ಗಳು ಅದೇ ಕಂಪ್ಯೂಟರ್‌ನಲ್ಲಿ ಇನ್‌ಸ್ಟಾಲ್ ಮಾಡಿದ ಪೈಥಾನ್‌ಗಿಂತ ಕೆಲವು ಪಟ್ಟು ನಿಧಾನ. ಆದರೆ ಲೆಕ್ಕವನ್ನು ನಂಪೈ ಅರೇ (ಸಂಖ್ಯೆಗಳ ಸಾಲು) ಮೇಲೆ ಒಟ್ಟಿಗೆ ಮಾಡಿದರೆ ಆ ಅಂತರ ತುಂಬಾ ಕಡಿಮೆ ಆಗುತ್ತದೆ, ಯಾಕೆಂದರೆ ಆಗ ನಿಜವಾದ ಕೆಲಸ ನಡೆಯುವುದು ಕಂಪೈಲ್ ಆದ ಸಿ ಕೋಡ್‌ನಲ್ಲಿ. ಲೂಪ್ ಬಿಟ್ಟು ಅರೇ ಬಳಸಿ ಅನ್ನುವ ಹಳೇ ಬುದ್ಧಿಮಾತು ಇಲ್ಲಿ ಎರಡು ಪಟ್ಟು ಸತ್ಯ.

ಥ್ರೆಡ್ ಮತ್ತು ಮಲ್ಟಿಪ್ರೊಸೆಸಿಂಗ್ ಪೈಯೋಡೈಡ್‌ನಲ್ಲಿ ಕೆಲಸ ಮಾಡುವುದಿಲ್ಲ. ನಿಮ್ಮ ಪ್ರೊಸೆಸರ್‌ಗೆ ಎಷ್ಟೇ ಕೋರ್ ಇರಲಿ, ಬಳಕೆ ಒಂದೇ. ಕೋಡ್ ನಿಲ್ಲದ ಲೂಪ್‌ಗೆ ಬಿದ್ದರೆ ಕರ್ನಲ್ (ಹಿಂದೆ ಕೂತು ಕೋಡ್ ಓಡಿಸುವ ಭಾಗ) ರೀಸ್ಟಾರ್ಟ್ ಮಾಡಿ. ವೇರಿಯಬಲ್‌ಗಳೆಲ್ಲ ಹೋಗುತ್ತವೆ, ಬರೆದ ಕೋಡ್ ಉಳಿಯುತ್ತದೆ.

ಸರ್ವರ್ ಬಗೆಯಲ್ಲಿ ನಿಮ್ಮ ಕಂಪ್ಯೂಟರ್ ಎಷ್ಟು ಹಳೆಯದು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಹಳೇ ಲ್ಯಾಪ್‌ಟಾಪ್ ಇರುವವರಿಗೆ ಇದು ದೊಡ್ಡ ಉಪಕಾರ.

ಉತ್ತರ ನಂಬಬಹುದಾ? ಬ್ರೌಸರ್‌ನಲ್ಲಿ ಲೆಕ್ಕ ತಪ್ಪುತ್ತದಾ?

ದಶಾಂಶ ಸಂಖ್ಯೆಗಳ ವಿಷಯದಲ್ಲಿ ಭಯ ಬೇಡ. ವೆಬ್‌ಅಸೆಂಬ್ಲಿಯೂ ಅದೇ 64 ಬಿಟ್‌ನ ಫ್ಲೋಟ್ ಬಳಸುತ್ತದೆ. ಕೊನೆಯ ಅಂಕಿಯಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಬರಬಹುದು, ಅದು ಎರಡು ಬೇರೆ ಕಂಪ್ಯೂಟರ್‌ಗಳ ನಡುವೆಯೂ ಬರುತ್ತದೆ.

ಪೂರ್ಣಾಂಕದಲ್ಲಿ ಮಾತ್ರ ಒಂದು ನಿಜವಾದ ಗುಂಡಿ ಇದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಪೈಯೋಡೈಡ್ 32 ಬಿಟ್ ವೆಬ್‌ಅಸೆಂಬ್ಲಿಯ ಮೇಲೆ ನಿಂತಿದೆ. ಹಾಗಾಗಿ ಅಲ್ಲಿ ನಂಪೈ ಪೂರ್ಣಾಂಕದ ಅರೇ ಮಾಡಿದರೆ ತಾನಾಗಿ ಸಿಗುವುದು 32 ಬಿಟ್‌ನ ಸಂಖ್ಯೆ. ಅದರ ಮೇಲ್ಮಿತಿ 2,14,74,83,647. ಒಂದು ಅರೇಯಲ್ಲಿ 50,000 ಇದೆ ಅಂದುಕೊಳ್ಳಿ. ಅದರ ವರ್ಗ 250 ಕೋಟಿ ಆಗಬೇಕು. ಬ್ರೌಸರ್‌ನಲ್ಲಿ ಮೈನಸ್ 1,79,49,67,296 ಅಂತ ಬರುತ್ತದೆ. ಎರರ್ ಇಲ್ಲ, ಸದ್ದಿಲ್ಲ. ಅದೇ ಕೋಡ್ ಕೊಲ್ಯಾಬ್‌ನಲ್ಲಿ ಸರಿ ಉತ್ತರ ಕೊಡುತ್ತದೆ. ಪರಿಹಾರ ಸುಲಭ: ಅರೇ ಮಾಡುವಾಗಲೇ ಡೀಟೈಪ್ ಇಂಟ್64 (dtype='int64') ಅಂತ ಕೊಡಿ. ನಂಪೈ ಇಲ್ಲದ ಸಾದಾ ಪೈಥಾನ್ ಪೂರ್ಣಾಂಕಕ್ಕೆ ಈ ತೊಂದರೆ ಇಲ್ಲ, ಅದು ಬೇಕಾದಷ್ಟು ದೊಡ್ಡದಾಗುತ್ತದೆ.

ದೊಡ್ಡ ಡೇಟಾ ಫೈಲ್ ತೆರೆಯಬಹುದಾ?

32 ಬಿಟ್ ಅಂದೆನಲ್ಲ, ಅದರಿಂದ ಮೆಮೊರಿಗೂ ಒಂದು ಗೋಡೆ ಇದೆ. ಎಷ್ಟೇ ರ‍್ಯಾಮ್ ಇರುವ ಕಂಪ್ಯೂಟರ್ ಆದರೂ ಒಟ್ಟು 4 ಜಿಬಿ ದಾಟುವುದಿಲ್ಲ, ವಾಸ್ತವದಲ್ಲಿ ಅದಕ್ಕಿಂತ ಮೊದಲೇ ಉಸಿರು ಕಟ್ಟುತ್ತದೆ. ಪಾಂಡಾಸ್‌ನಲ್ಲಿ ಒಂದು ಸಿಎಸ್‌ವಿ (ಕೋಷ್ಟಕದ ಫೈಲ್) ತೆರೆದರೆ ಅದು ಡಿಸ್ಕ್‌ನಲ್ಲಿ ಇದ್ದದ್ದಕ್ಕಿಂತ ಜಾಸ್ತಿ ಮೆಮೊರಿ ತಿನ್ನುತ್ತದೆ, ವಿಂಗಡಿಸುವಾಗ ನಕಲು ಬೇರೆ ಮಾಡುತ್ತದೆ. ಕೆಲವು ಹತ್ತು ಎಂಬಿ ಫೈಲ್ ಆರಾಮ, ಕೆಲವು ನೂರು ಎಂಬಿ ಅಂದರೆ ಕಷ್ಟ. ಬೇಕಾದ ಕಾಲಂ ಮಾತ್ರ ಓದಿ, ಅಥವಾ ತುಂಡು ತುಂಡಾಗಿ ಓದಿ. ಬೈಂಡರ್‌ನಲ್ಲೂ ಮಿತಿ ಬಿಗಿ, ಸಿಗುವುದು 1ರಿಂದ 2 ಜಿಬಿ. ನಿಜವಾಗಿ ದೊಡ್ಡದಿದ್ದರೆ ಕೊಲ್ಯಾಬ್ ಅಥವಾ ಕ್ಯಾಗಲ್ ಕಡೆ ಹೋಗಿ.

ನನಗೆ ಬೇಕಾದ ಪ್ಯಾಕೇಜ್ ಜುಪಿಟರ್‌ಲೈಟ್‌ನಲ್ಲಿ ಇನ್‌ಸ್ಟಾಲ್ ಆಗುತ್ತಿಲ್ಲ. ಯಾಕೆ?

ಪೂರ್ತಿ ಪೈಥಾನ್‌ನಲ್ಲೇ ಬರೆದ ಪ್ಯಾಕೇಜ್ ಆದರೆ ನೋಟ್‌ಬುಕ್‌ನಲ್ಲಿ ಎಂದಿನ ಹಾಗೆ ಶೇಕಡಾ ಚಿಹ್ನೆ ಹಾಕಿ ಪಿಪ್ ಇನ್‌ಸ್ಟಾಲ್ ಕೊಟ್ಟರೆ ಬರುತ್ತದೆ. ಒಳಗೆ ಸಿ, ಫೋರ್ಟ್ರಾನ್, ರಸ್ಟ್ ಕೋಡ್ ಇದ್ದರೆ ಯಾರಾದರೂ ಅದನ್ನು ಮೊದಲೇ ವೆಬ್‌ಅಸೆಂಬ್ಲಿಗೆ ಕಂಪೈಲ್ ಮಾಡಿಟ್ಟಿರಬೇಕು. ನಂಪೈ, ಸೈಪೈ, ಪಾಂಡಾಸ್, ಸೈಕಿಟ್‌ಲರ್ನ್, ಸಿಮ್‌ಪೈ ಪೈಯೋಡೈಡ್ ಜೊತೆಗೇ ಸಿಗುತ್ತವೆ. ಡೀಪ್ ಲರ್ನಿಂಗ್‌ಗೆ ಬಳಸುವ ಪೈಟಾರ್ಚ್, ಟೆನ್ಸರ್‌ಫ್ಲೋ ಸಿಗುವುದಿಲ್ಲ, ಅವು ಬೇಕಾದರೆ ಒದ್ದಾಡದೆ ಸರ್ವರ್ ಬಗೆಗೆ ಹೋಗಿ.

ವೆಬ್‌ನಿಂದ ಡೇಟಾ ತರಲು ಹೋದರೆ ಸಿಒಆರ್‌ಎಸ್ ಅಂತ ಎರರ್ ಬರುತ್ತದೆ. ನನ್ನ ಕೋಡ್ ತಪ್ಪಾ?

ತಪ್ಪಲ್ಲ. ಬ್ರೌಸರ್ ಒಳಗಿನ ಕೋಡ್‌ಗೆ ಬ್ರೌಸರ್‌ನ ಕಾನೂನು ಅನ್ವಯ ಆಗುತ್ತದೆ. ಒಂದು ಸೈಟ್‌ನಲ್ಲಿ ಓಡುವ ಕೋಡ್ ಇನ್ನೊಂದು ಸೈಟ್‌ನ ಡೇಟಾ ಓದಬೇಕಾದರೆ ಆ ಇನ್ನೊಂದು ಸೈಟ್ ಒಪ್ಪಿಗೆ ಕೊಟ್ಟಿರಬೇಕು. ಎಷ್ಟೋ ಡೇಟಾ ಸೈಟ್‌ಗಳು ಆ ಒಪ್ಪಿಗೆ ಕೊಟ್ಟಿರುವುದಿಲ್ಲ. ಫೈಲ್ ಡೌನ್‌ಲೋಡ್ ಮಾಡಿ, ನಂತರ ಜುಪಿಟರ್‌ಲೈಟ್‌ಗೆ ಎಳೆದು ಹಾಕಿ, ಅದೇ ಸುಲಭದ ದಾರಿ. ಕೊಲ್ಯಾಬ್‌ನಲ್ಲಿ ಈ ಎರರ್ ಬರುವುದೇ ಇಲ್ಲ, ಅಲ್ಲಿ ಡೇಟಾ ತರುವುದು ಬ್ರೌಸರ್ ಅಲ್ಲ, ಸರ್ವರ್.

ಪೈಥಾನ್ ಬಿಟ್ಟು ಬೇರೆ ಏನಿದೆ?

ಆರ್ ಭಾಷೆಗೆ ವೆಬ್‌ಆರ್ ಇದೆ, 2023ರಲ್ಲಿ ಮೊದಲ ಆವೃತ್ತಿ ಬಂತು, ಅದೂ ಪೂರ್ತಿ ಬ್ರೌಸರ್ ಒಳಗೇ ಓಡುತ್ತದೆ. ಸ್ಟ್ಯಾಟಿಸ್ಟಿಕ್ಸ್ ಓದುವವರಿಗೆ ಸಾಕಷ್ಟಾಯಿತು. ಆರ್ ಬರೆಯುವವರು ಬಳಸುವ ಆರ್‌ಸ್ಟುಡಿಯೋದ ಪರದೆಯೇ ಬೇಕು ಅನ್ನುವವರಿಗೆ ಪಾಸಿಟ್ ಕ್ಲೌಡ್ ಇದೆ, ಅದು ಸರ್ವರ್ ಬಗೆ. ಮ್ಯಾಟ್‌ಲ್ಯಾಬ್ ಆನ್‌ಲೈನ್‌ನ ಬೇಸಿಕ್ ಆವೃತ್ತಿಯನ್ನು ಅಕೌಂಟ್ ಇದ್ದರೆ ತಿಂಗಳಿಗೆ 20 ಗಂಟೆ ಉಚಿತವಾಗಿ ಬಳಸಬಹುದು. ಅಸೈನ್‌ಮೆಂಟ್‌ಗೆ ಮ್ಯಾಟ್‌ಲ್ಯಾಬ್ ಸಿಂಟ್ಯಾಕ್ಸ್ ಸಾಕು ಅಂದರೆ ಆಕ್ಟೇವ್ ಆನ್‌ಲೈನ್ ಹಗುರ, ಆದರೆ ಅಲ್ಲಿ ಕಮಾಂಡ್ ಓಡುವ ಸಮಯಕ್ಕೆ ಮಿತಿ ಇದೆ, ಉದ್ದನೆ ಸಿಮ್ಯುಲೇಷನ್‌ಗೆ ಆಗುವುದಿಲ್ಲ. ಜೂಲಿಯಾ ಬೇಕಾದರೆ ಕೊಲ್ಯಾಬ್‌ನಲ್ಲಿ ರನ್‌ಟೈಮ್ ಬದಲಿಸುವ ಕಡೆ ನೋಡಿ, ಪೈಥಾನ್ ಮತ್ತು ಆರ್ ಜೊತೆ ಅದೂ ಇದೆ. ಎಸ್‌ಕ್ಯೂಎಲ್ ಮಾಡುವವರು ಡಕ್‌ಡಿಬಿ ಅನ್ನುವ ಡೇಟಾಬೇಸ್‌ನ ವೆಬ್‌ಅಸೆಂಬ್ಲಿ ಆವೃತ್ತಿ ನೋಡಲೇಬೇಕು.

ಉಚಿತ ಜಿಪಿಯು ಸಿಗುತ್ತದಾ?

ಕೊಲ್ಯಾಬ್‌ನಲ್ಲಿ ಸಿಗುತ್ತದೆ, ಆದರೆ ಗ್ಯಾರಂಟಿ ಇಲ್ಲ. ಜಾಸ್ತಿ ಬಳಸಿದವರಿಗೆ ಕೆಲವು ಹೊತ್ತು ಕೊಡುವುದಿಲ್ಲ. ಕ್ಯಾಗಲ್‌ನಲ್ಲಿ ವಾರಕ್ಕೆ ಸುಮಾರು 30 ಗಂಟೆಯ ಲೆಕ್ಕ ಇರುತ್ತದೆ, ಫೋನ್ ನಂಬರ್ ವೆರಿಫೈ ಮಾಡಬೇಕು. ಕೋಡ್ ತಿದ್ದುವಾಗ ಜಿಪಿಯು ಆನ್ ಮಾಡಿಟ್ಟು ಗಂಟೆ ಕಳೆಯಬೇಡಿ. ಸಣ್ಣ ಡೇಟಾ ಮೇಲೆ ಸಿಪಿಯುನಲ್ಲೇ ಸರಿ ಮಾಡಿಕೊಂಡು ಕೊನೆಗೆ ಜಿಪಿಯುಗೆ ಹೋಗಿ.

ನನ್ನ ಡೇಟಾ ಗುಟ್ಟಿನದು. ಹಾಕಬಹುದಾ?

ಬ್ರೌಸರ್ ಒಳಗಿನ ಬಗೆಯಲ್ಲಿ ನೀವು ಎಳೆದು ಹಾಕಿದ ಫೈಲ್ ತಾನಾಗಿ ಎಲ್ಲಿಗೂ ಹೋಗುವುದಿಲ್ಲ, ನಿಮ್ಮ ಕಂಪ್ಯೂಟರ್‌ನಲ್ಲೇ ಉಳಿಯುತ್ತದೆ. ನನ್ನ ಪ್ರಕಾರ ಈ ಬಗೆಯ ಅತಿ ದೊಡ್ಡ ಗುಣ ಇದೇ, ಇದರ ಬಗ್ಗೆ ಮಾತಾಡುವವರು ಕಡಿಮೆ. ಹಂಚಿಕೊಂಡು ಬಳಸುವ ಕಂಪ್ಯೂಟರ್ ಆದರೆ ಮಾತ್ರ ಮುಂದಿನವರಿಗೆ ಕಾಣದ ಹಾಗೆ ಅಳಿಸಿ ಏಳಿ.

ಸರ್ವರ್ ಬಗೆಯಲ್ಲಿ ಫೈಲ್ ಬೇರೆಯವರ ಮೆಷಿನ್‌ಗೆ ಹೋಗುತ್ತದೆ. ರೋಗಿಗಳ ದಾಖಲೆ, ಸಮೀಕ್ಷೆಯಲ್ಲಿ ಜನ ನಂಬಿ ಕೊಟ್ಟ ವಿವರ, ಇನ್ನೂ ಪ್ರಕಟವಾಗದ ಅಳತೆಗಳು, ಇವನ್ನು ನಿಮ್ಮ ಸಂಸ್ಥೆಯ ಒಪ್ಪಿಗೆ ಇಲ್ಲದೆ ಅಲ್ಲಿ ಹಾಕಬೇಡಿ. ಹೆಸರು ತೆಗೆದರೆ ಸಾಕು ಅಂದುಕೊಳ್ಳಬೇಡಿ, ವಯಸ್ಸು, ಊರು, ತಾರೀಖು ಸೇರಿದರೆ ವ್ಯಕ್ತಿ ಯಾರು ಅಂತ ಗೊತ್ತಾಗಿಬಿಡುತ್ತದೆ. ಪಾಸ್‌ವರ್ಡ್ ಮತ್ತು ಎಪಿಐ ಕೀ (ಆನ್‌ಲೈನ್ ಸೇವೆಯನ್ನು ಕೋಡ್‌ನಿಂದ ಬಳಸಲು ಕೊಡುವ ಗುಟ್ಟಿನ ಸಂಕೇತ) ಯಾವತ್ತೂ ಸೆಲ್‌ನಲ್ಲಿ ಬರೆಯಬೇಡಿ, ನೋಟ್‌ಬುಕ್ ಹಂಚಿಕೊಂಡಾಗ ಅದೂ ಜೊತೆಗೆ ಹೋಗುತ್ತದೆ. ಕೊಲ್ಯಾಬ್‌ನಲ್ಲಿ ಅದಕ್ಕೆಂದೇ ಸೀಕ್ರೆಟ್ಸ್ ಅನ್ನುವ ಜಾಗ ಇದೆ.

ಬೇರೆಯವರು ಕಳಿಸಿದ ನೋಟ್‌ಬುಕ್ ಓಡಿಸಿದರೆ ಅಪಾಯ ಇದೆಯಾ?

ಕೊಲ್ಯಾಬ್‌ನಲ್ಲಿ ಡ್ರೈವ್ ಮೌಂಟ್ ಮಾಡುವ ಸೆಲ್ ಇದೆಯಾ ನೋಡಿ. ಒಪ್ಪಿಗೆ ಕೊಟ್ಟರೆ ಆ ಕೋಡ್ ನಿಮ್ಮ ಡ್ರೈವ್‌ನ ಫೈಲ್‌ಗಳನ್ನು ಓದಬಹುದು, ಅಳಿಸಲೂಬಹುದು. ಗೊತ್ತಿಲ್ಲದವರ ನೋಟ್‌ಬುಕ್‌ನಲ್ಲಿ ರನ್ ಆಲ್ ಒತ್ತುವ ಮುಂಚೆ ಮೇಲಿಂದ ಕೆಳಗೆ ಓದಿ.

ನಿನ್ನೆ ಓಡಿದ ನೋಟ್‌ಬುಕ್ ಇವತ್ತು ಎರರ್ ಕೊಡುತ್ತಿದೆ. ಏನೂ ಬದಲಿಸಿಲ್ಲ!

ಎರಡು ಕಾರಣ ಇರಬಹುದು. ಮೊದಲನೆಯದು, ಸೆಲ್‌ಗಳನ್ನು ಹಿಂದೆ ಮುಂದೆ ಓಡಿಸಿರುತ್ತೀರಿ, ಆಮೇಲೆ ಅಳಿಸಿದ ಸೆಲ್‌ನ ವೇರಿಯಬಲ್ ನಿನ್ನೆ ಮೆಮೊರಿಯಲ್ಲಿ ಇತ್ತು, ಇವತ್ತು ಇಲ್ಲ. ಕೆಲಸ ಮುಗಿಸುವಾಗ ಕರ್ನಲ್ ರೀಸ್ಟಾರ್ಟ್ ಮಾಡಿ ಮೇಲಿಂದ ಕೆಳಗೆ ಎಲ್ಲವನ್ನೂ ಒಮ್ಮೆ ಓಡಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಎರಡನೆಯದು, ಆನ್‌ಲೈನ್ ಸೇವೆಯವರು ಪ್ಯಾಕೇಜ್‌ಗಳನ್ನು ಆಗಾಗ ಅಪ್‌ಡೇಟ್ ಮಾಡುತ್ತಾರೆ, ನಿಮಗೆ ಹೇಳಿ ಮಾಡುವುದಿಲ್ಲ. ಮೊದಲ ಸೆಲ್‌ನಲ್ಲೇ ಪೈಥಾನ್ ಮತ್ತು ಮುಖ್ಯ ಪ್ಯಾಕೇಜ್‌ಗಳ ವರ್ಷನ್ ಪ್ರಿಂಟ್ ಮಾಡಿಡಿ. ಪ್ರಬಂಧಕ್ಕೆ ಹೋಗುವ ಲೆಕ್ಕ ಆದರೆ ವರ್ಷನ್ ನಂಬರ್ ಕೊಟ್ಟೇ ಇನ್‌ಸ್ಟಾಲ್ ಮಾಡಿ.

ಗ್ರಾಫ್‌ನಲ್ಲಿ ಕನ್ನಡ ಬರೆದರೆ ಚೌಕ ಚೌಕ ಬರುತ್ತದೆ. ಏನು ಮಾಡಲಿ?

ಮ್ಯಾಟ್‌ಪ್ಲಾಟ್‌ಲಿಬ್ ಜೊತೆ ಬರುವ ಫಾಂಟ್‌ನಲ್ಲಿ ಕನ್ನಡ ಇಲ್ಲ, ಅದಕ್ಕೇ ಚೌಕ. ಕನ್ನಡ ಫಾಂಟ್ ಫೈಲ್ ಸೇರಿಸಿದರೆ ಅಕ್ಷರ ಬರುತ್ತದೆ, ಆದರೂ ಒತ್ತಕ್ಷರ ಸರಿಯಾಗಿ ಕೂಡದೆ ಬಿಡಿಬಿಡಿಯಾಗಿ ನಿಲ್ಲಬಹುದು. ಪ್ಲಾಟ್ಲಿ ಅನ್ನುವ ಇನ್ನೊಂದು ಗ್ರಾಫ್ ಪ್ಯಾಕೇಜ್ ಬಳಸಿ ನೋಡಿ. ಅದರ ಗ್ರಾಫ್‌ನಲ್ಲಿ ಅಕ್ಷರ ಬಿಡಿಸುವುದು ಬ್ರೌಸರ್, ಬ್ರೌಸರ್‌ಗೆ ಕನ್ನಡ ಚೆನ್ನಾಗಿ ಬರುತ್ತದೆ.

ಮೊಬೈಲ್‌ನಲ್ಲಿ ಆಗುತ್ತದಾ?

ಆಗುತ್ತದೆ. ಓದಲು, ಸಣ್ಣ ತಿದ್ದುಪಡಿಗೆ ಸರಿ. ಟೈಪ್ ಮಾಡುವುದು ಕಷ್ಟ, ಮೆಮೊರಿ ಕಡಿಮೆ ಇರುವ ಫೋನ್‌ನಲ್ಲಿ ಟ್ಯಾಬ್ ತಾನಾಗಿ ರೀಲೋಡ್ ಆಗಿ ಲೆಕ್ಕ ಅರ್ಧಕ್ಕೆ ನಿಲ್ಲಬಹುದು.

ಇಡೀ ಕ್ಲಾಸ್‌ಗೆ ಕಲಿಸಬೇಕು. ಯಾವುದು ಒಳ್ಳೆಯದು?

ಪ್ಯಾಕೇಜ್‌ಗಳು ಪೈಯೋಡೈಡ್‌ನಲ್ಲಿ ಸಿಗುವುದಾದರೆ ನನ್ನ ಆಯ್ಕೆ ಜುಪಿಟರ್‌ಲೈಟ್. ಅದು ಸಾದಾ ಫೈಲ್‌ಗಳ ಒಂದು ಸೈಟ್ ಅಷ್ಟೇ, ಗಿಟ್‌ಹಬ್ ಪೇಜಸ್‌ನಲ್ಲಿ ಉಚಿತವಾಗಿ ಇಡಬಹುದು, ನಿಮ್ಮ ಪಾಠದ ನೋಟ್‌ಬುಕ್ ಮತ್ತು ಡೇಟಾ ಅದರೊಳಗೇ ಸೇರಿಸಬಹುದು. ಲೆಕ್ಕ ಅವರವರ ಕಂಪ್ಯೂಟರ್‌ನಲ್ಲೇ ಆಗುವುದರಿಂದ 20 ಮಂದಿ ಬಂದರೂ 500 ಮಂದಿ ಬಂದರೂ ಸರ್ವರ್ ಕುಸಿಯುವ ಮಾತಿಲ್ಲ. ಮೊದಲ ಗಂಟೆಯೇ ಇನ್‌ಸ್ಟಾಲ್ ಎರರ್‌ಗಳಲ್ಲಿ ಕಳೆದುಹೋಗಿ, ಪ್ರೋಗ್ರಾಮಿಂಗ್ ತನಗೆ ಒಗ್ಗುವುದಿಲ್ಲ ಅಂತ ವಿದ್ಯಾರ್ಥಿ ಅಂದುಕೊಂಡು ಹೋಗುವುದು ನಿಜಕ್ಕೂ ಬೇಸರದ ಸಂಗತಿ. ಅದು ಇಲ್ಲಿ ತಪ್ಪುತ್ತದೆ. ವಿದ್ಯಾರ್ಥಿಗಳು ಬರೆದದ್ದು ನಿಮಗೆ ತಾನಾಗಿ ಕಾಣುವುದಿಲ್ಲ, ಡೌನ್‌ಲೋಡ್ ಮಾಡಿ ಕಳಿಸಲು ಹೇಳಬೇಕು. ಮೊದಲ ದಿನವೇ ಹೇಳಿ.

ಹಾಗಾದರೆ ಇನ್‌ಸ್ಟಾಲ್ ಮಾಡಿಕೊಳ್ಳುವ ಅಗತ್ಯವೇ ಇಲ್ವಾ?

ಒಂದು ದಿನ ಬರುತ್ತದೆ. ಲೆಕ್ಕ ರಾತ್ರಿಯಿಡೀ ಓಡಬೇಕು, ಪ್ರಯೋಗಾಲಯದ ಉಪಕರಣದಿಂದ ಯುಎಸ್‌ಬಿ ಮೂಲಕ ಅಳತೆ ಓದಬೇಕು, ಹತ್ತಾರು ಫೈಲ್‌ಗಳ ಪ್ರಾಜೆಕ್ಟ್ ಅನ್ನು ಗಿಟ್‌ನಲ್ಲಿ ನಡೆಸಬೇಕು, ಎಲ್ಲ ಕೋರ್ ಬಳಸಬೇಕು ಅನ್ನುವ ಹೊತ್ತಿಗೆ ನಿಮ್ಮದೇ ಮೆಷಿನ್‌ನಲ್ಲಿ ಇನ್‌ಸ್ಟಾಲ್ ಮಾಡಿಕೊಳ್ಳುವುದೇ ಸರಿ. ಆಗ ನಿಮಗೆ ಪೈಥಾನ್ ಬಂದಿರುತ್ತದೆ, ಯಾವ ಪ್ಯಾಕೇಜ್ ಬೇಕು ಅನ್ನುವುದೂ ಗೊತ್ತಿರುತ್ತದೆ, ಹಾಗಾಗಿ ಇನ್‌ಸ್ಟಾಲ್ ಎರರ್ ಬಂದರೂ ಓದಿ ಅರ್ಥ ಮಾಡಿಕೊಳ್ಳಬಹುದು. ಡೌನ್‌ಲೋಡ್ ಮಾಡಿಟ್ಟ ನೋಟ್‌ಬುಕ್‌ಗಳನ್ನು ಅಲ್ಲಿ ತೆರೆಯಿರಿ. ಬ್ರೌಸರ್‌ಗೆಂದೇ ಬರೆದ ಸಾಲು ಎಲ್ಲಾದರೂ ಇದ್ದರೆ ತೆಗೆಯಬೇಕು, ಉಳಿದದ್ದು ಹಾಗೇ ಓಡುತ್ತದೆ.